ಕೈಯೊಡ್ಡಿ ಕಲಿತದ್ದು

ಸೇವೆಗೆ ಹಣ ಕೂಡಿಸಲು ಹೊರಟವರಿಗೆ ಸಭೆಯ ಹಿರಿಯರು ಎರಡು ಬಗೆಯ ಬುದ್ಧಿ ಹೇಳುತ್ತಾರೆ. ‘ಯಾರನ್ನೂ ಕೇಳಬೇಡ, ಮೊಣಕಾಲೂರಿ ಪ್ರಾರ್ಥಿಸು, ಕರ್ತನು ಒದಗಿಸುತ್ತಾನೆ’ ಎಂಬುದು ಒಂದು. ‘ಬಾಯಿ ಬಿಟ್ಟು ಕೇಳದಿದ್ದರೆ ಕೊಡುವವರಿಗೆ ಗೊತ್ತಾಗುವುದು ಹೇಗೆ? ಪಟ್ಟಿ ಮಾಡು, ಫೋನ್ ಹಚ್ಚು’ ಎಂಬುದು ಇನ್ನೊಂದು. ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ, ಗುಳೆ ಹೋಗುವವರ ಮಕ್ಕಳಿಗೆ ಒಂದು ವಸತಿ ನಡೆಸಲು ನಾನೂ ನನ್ನ ಹೆಂಡತಿಯೂ ಹೊರಟಾಗ ಎರಡನ್ನೂ ಒಂದೇ ವಾರದಲ್ಲಿ ಕೇಳಿಸಿಕೊಂಡೆವು. ಹೇಳಿದವರಿಬ್ಬರೂ ದೇವರಿಗೆ ಹೆದರುವವರೇ, ನಮ್ಮ ಹಿತ ಬಯಸುವವರೇ.

ಆ ಕಡೆಯ ಬದುಕು ಬಲ್ಲವರಿಗೆ ವಿವರಿಸಬೇಕಿಲ್ಲ. ತೊಗರಿ, ಹತ್ತಿಯ ಕೆಲಸ ಮುಗಿಯುತ್ತಿದ್ದಂತೆ ಮನೆಗೆ ಬೀಗ ಬೀಳುತ್ತದೆ. ಗಂಡ, ಹೆಂಡತಿ, ಕಂಕುಳ ಕೂಸು ಎಲ್ಲರೂ ಬೆಂಗಳೂರು, ಪುಣೆ, ಮುಂಬೈಯ ಕಟ್ಟಡ ಕೆಲಸಕ್ಕೆ. ಶಾಲೆಗೆ ಹೋಗುವ ಮಕ್ಕಳನ್ನು ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇರುವುದಿಲ್ಲ. ಹಾಗಾಗಿ ಅವರೂ ಹೋಗುತ್ತಾರೆ, ಶಾಲೆಯ ಹಾಜರಿಯಲ್ಲಿ ಅವರ ಹೆಸರಿನ ಮುಂದೆ ಗೈರು ಬೀಳುತ್ತಾ ಹೋಗುತ್ತದೆ. ತಂದೆತಾಯಿ ಮರಳುವವರೆಗೆ ಆ ಮಕ್ಕಳನ್ನು ಇಟ್ಟುಕೊಂಡು ಊಟ ಹಾಕಿ ಶಾಲೆಗೆ ಕಳಿಸುವುದು ನಮ್ಮ ಸೇವೆ. ಯಾವ ಜಾತಿ, ಯಾವ ದೇವರು ಎಂದು ಕೇಳುವುದಿಲ್ಲ. ಜೋಳ, ಅಕ್ಕಿ, ಬೇಳೆ, ಎಣ್ಣೆ, ಅಡುಗೆಯವರ ಸಂಬಳ, ಮನೆ ಬಾಡಿಗೆ, ಜ್ವರದ ಔಷಧಿ. ಒಂದನೇ ತಾರೀಕು ಯಾರ ಭಕ್ತಿಯನ್ನೂ ವಿಚಾರಿಸದೆ ಬಂದು ನಿಲ್ಲುತ್ತದೆ.

‘ಕೇಳಬೇಡ’ ಎನ್ನುವವರು ಜಾರ್ಜ್ ಮುಲ್ಲರ್ ಅವರ ಹೆಸರು ಎತ್ತುತ್ತಾರೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿ 1898ರಲ್ಲಿ ತೀರಿಕೊಂಡ ಆ ಮನುಷ್ಯ ಯಾರ ಮುಂದೆಯೂ ಹಣ ಬೇಕೆಂದು ಹೇಳಲಿಲ್ಲ. ಕೈ ಬರಿದಾಗಿದ್ದ ಹೊತ್ತಿನಲ್ಲಿ ವಾರ್ಷಿಕ ವರದಿ ಹೊರಬಿದ್ದರೆ ಅದೇ ಒಂದು ಬೇಡಿಕೆಯಂತೆ ಕಂಡೀತೆಂದು ಅದನ್ನೇ ಮುಂದೂಡಿದವರು. ನನಗೆ ಅವರ ಮೇಲೆ ಅಪಾರ ಗೌರವ. ಆದರೆ ಅವರ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೊಂದಿದೆ. ಬಂದ ಪ್ರತಿ ಕಾಣಿಕೆಯನ್ನೂ, ಎಷ್ಟೇ ಸಣ್ಣದಿರಲಿ, ಅವರು ಬರೆದಿಟ್ಟು ಅಚ್ಚು ಹಾಕಿಸಿ ಲೋಕದ ಮುಂದಿಡುತ್ತಿದ್ದರು. ಅವರ ನಂಬಿಕೆಯ ಪಕ್ಕದಲ್ಲೇ ಒಂದು ಲೆಕ್ಕದ ಪುಸ್ತಕವಿತ್ತು.

ನನಗೆ ಹೆಚ್ಚು ಹತ್ತಿರವಾದವರು ಪಂಡಿತಾ ರಮಾಬಾಯಿ. ಕಾರ್ಕಳ ಸೀಮೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡವರು. ವಿಧವೆಯರಿಗಾಗಿ 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದಾಗ ಅಮೆರಿಕದ ಸ್ನೇಹಿತರು ಹತ್ತು ವರ್ಷ ಕೈಹಿಡಿಯುವುದಾಗಿ ಒಪ್ಪಿದ್ದರು. ಆ ಸಹಾಯವನ್ನು ಪಡೆಯಲು ರಮಾಬಾಯಿ ಅಲ್ಲಿ ಊರೂರು ತಿರುಗಿ ಮಾತಾಡಿದ್ದರು. ಅವಧಿ ಮುಗಿಯುತ್ತಾ ಬಂದಾಗಲೇ 1896-97ರ ಬರ ಬಂತು. ನಿಲ್ಲುವ ಬದಲು ಅವರು ನೂರಾರು ಹೆಣ್ಣುಮಕ್ಕಳನ್ನು ಪುಣೆ ಬಳಿಯ ಕೇಡಗಾಂವಕ್ಕೆ ಕರೆತಂದರು. ಮುಲ್ಲರ್ ಅವರ ಬದುಕಿನ ಕಥೆ ಓದಿ, ದೇವರನ್ನೇ ನೆಚ್ಚುವುದನ್ನು ಕಲಿತೆನೆಂದು ಅವರೇ ಹೇಳಿಕೊಂಡಿದ್ದಾರೆ. ಹಾಗೆಂದು ಅವರು ಕೈಕಟ್ಟಿ ಕೂರಲಿಲ್ಲ. ಅಲ್ಲಿ ಬಾವಿ ತೋಡಿಸಿದರು, ಹಣ್ಣಿನ ಗಿಡ ಹಾಕಿಸಿದರು.

ಬೈಬಲ್ಲಿನಲ್ಲೂ ನನಗೆ ಕಾಣುವುದು ಇದೇ. ನೆಹೆಮೀಯನು ಪರಲೋಕದ ದೇವರಿಗೆ ಪ್ರಾರ್ಥಿಸಿದ ಅದೇ ಗಳಿಗೆಯಲ್ಲಿ ಅರಸನ ಕಡೆ ತಿರುಗಿ ರಜೆ ಕೇಳುತ್ತಾನೆ, ಬಾಗಿಲುಗಳಿಗೆ ಬೇಕಾದ ಮರಕ್ಕೆ ಪತ್ರವನ್ನೂ ಕೇಳುತ್ತಾನೆ. ಪೌಲನು ಡೇರೆ ಹೊಲಿದು ತನ್ನ ಹೊಟ್ಟೆ ಹೊರೆದನು, ಫಿಲಿಪ್ಪಿಯವರ ಕಾಣಿಕೆಯನ್ನು ಸಂತೋಷದಿಂದ ಪಡೆದನು, ಸ್ಪೇನಿಗೆ ಹೋಗಲು ನೆರವಾಗಬೇಕೆಂದು ರೋಮಿನವರಿಗೆ ಬರೆದನು. ಆದ್ದರಿಂದ ನಾವು ಕೇಳುತ್ತೇವೆ, ಆದರೆ ಕೇಳಿದ ಮೇಲೆ ಒತ್ತುವುದಿಲ್ಲ. ನಂಬಿಕೆಯ ಕೆಲಸ ಶುರುವಾಗುವುದು ಅಲ್ಲಿಂದ ಮುಂದೆ.

ಹಣ ಕೂಡಿಸಲು ತಿರುಗುವಾಗ ನನ್ನೊಳಗೆ ಮೆಲ್ಲಗೆ ಒಂದು ಬದಲಾವಣೆ ಬರುವುದನ್ನು ಕಂಡಿದ್ದೇನೆ. ಎದುರು ಕೂತವರು ಮನುಷ್ಯರಾಗಿ ಕಾಣುವ ಮೊದಲು ಮೊತ್ತವಾಗಿ ಕಾಣತೊಡಗುತ್ತಾರೆ. ‘ಇವರು ತಿಂಗಳಿಗೆ ಐನೂರು ಕೊಡಬಹುದು, ಅವರು ಸಾವಿರ.’ ಇದಕ್ಕೆ ನನಗೆ ಸಿಕ್ಕ ಮದ್ದು ಒಂದೇ: ಒದಗಿಸುವಾತ ಇವರಲ್ಲ, ಇವರಿಗೂ ನನಗೂ ಒದಗಿಸುವಾತ ಬೇರೊಬ್ಬನಿದ್ದಾನೆ ಎಂದು ಮನೆಯ ಗೇಟು ತೆರೆಯುವ ಮೊದಲೇ ಮನಸ್ಸಿಗೆ ಹೇಳಿಕೊಳ್ಳುವುದು. ಆಗ ‘ಇಲ್ಲ’ ಎಂದವರ ಮನೆಯಲ್ಲೂ ಕಾಫಿ ಕುಡಿದು, ಅವರ ಮಗಳ ಪರೀಕ್ಷೆಗಾಗಿ ಮನಸಾರೆ ಪ್ರಾರ್ಥಿಸಿ ಬರಲು ಸಾಧ್ಯವಾಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ತಪ್ಪದೆ ಕೊಡುತ್ತಿದ್ದ ಒಬ್ಬರು ಕೆಲಸ ಕಳೆದುಕೊಂಡು ಫೋನ್ ಮಾಡಿದರು. ಹಣ ನಿಲ್ಲಿಸುವುದಕ್ಕೆ ಕ್ಷಮೆ ಕೇಳುತ್ತಾ ಅತ್ತರು. ಆ ತಿಂಗಳು ನಮ್ಮ ಖಾತೆಯಲ್ಲೂ ಏನೂ ಇರಲಿಲ್ಲ. ಆದರೂ ಅವರಿಗೆ ಸಾಂತ್ವನ ಹೇಳುವಾಗ ನನ್ನ ಮನಸ್ಸಿನಲ್ಲಿ ಅವರ ಮನೆಯ ಚಿಂತೆಯೇ ಇತ್ತು. ಬಿದ್ದುಹೋದ ಐನೂರು ರೂಪಾಯಿ ನೆನಪಿಗೇ ಬರಲಿಲ್ಲ. ಹಣಕ್ಕಿಂತ ದೊಡ್ಡದಾದ ಏನನ್ನೋ ದೇವರು ನನಗೆ ಒದಗಿಸಿದ್ದನೆಂದು ಈಗಲೂ ಅನಿಸುತ್ತದೆ.

ಅದೇ ದಿನಗಳಲ್ಲಿ ಗುಳೆ ಹೋದವರೆಲ್ಲ ಸಿಕ್ಕ ಲಾರಿ ಹತ್ತಿ, ಕೆಲವರು ನಡೆದೇ, ಊರಿಗೆ ಮರಳುತ್ತಿದ್ದರು. ಅವರಿಗೆ ಊಟಕ್ಕೆ ಕೊಡಲು ನಾವು ಸಭೆಗಳಿಗೆ ಬರೆದೆವು. ಅವು ತಾವೇ ಬಾಗಿಲು ಮುಚ್ಚಿದ್ದವು. ಜೋಳ ಬಂದದ್ದು ಪಕ್ಕದ ಹೊಲದ ಲಿಂಗಾಯತ ರೈತರ ಮನೆಯಿಂದ. ಅವರೇ ಚೀಲ ಹೊತ್ತು ತಂದು ಇಳಿಸಿದರು. ‘ಸಿದ್ಧಗಂಗೆಯ ಬುದ್ಧಿಯವರು ಊರೂರು ತಿರುಗಿ ಕಾಳು ಕೂಡಿಸಿ ಮಕ್ಕಳಿಗೆ ಉಣ್ಣಿಸಿದರು, ನೀವು ನಾಚೋದ್ಯಾಕ?’ ಎಂದರು. ಎಲೀಯನನ್ನು ಬರಗಾಲದಲ್ಲಿ ಸಾಕಿದ ಚಾರೆಪ್ತದ ವಿಧವೆ ಇಸ್ರಾಯೇಲಿನವಳಲ್ಲ, ಸೀದೋನ್ಯರ ನಾಡಿನವಳು. ಆ ಅಧ್ಯಾಯದ ಮೇಲೆ ನಾನು ಎಷ್ಟೋ ಪ್ರಸಂಗ ಕೇಳಿದ್ದೆ. ಅದರ ಅರ್ಥ ನನ್ನೊಳಗೆ ಇಳಿದದ್ದು ಮಾತ್ರ ಆ ಚೀಲ ನಮ್ಮ ಪಡಸಾಲೆಗೆ ಬಂದ ಮೇಲೆ.

ಎಲ್ಲ ಪ್ರಾರ್ಥನೆಗೂ ಹೀಗೆ ಚೀಲ ಬರುವುದಿಲ್ಲ. ಮಕ್ಕಳನ್ನು ಆಸ್ಪತ್ರೆಗೆ ಒಯ್ಯಲು ಒಂದು ಗಾಡಿ ಬೇಕೆಂದು ವರ್ಷಗಳಿಂದ ಬೇಡುತ್ತಿದ್ದೇವೆ, ಇನ್ನೂ ಬಂದಿಲ್ಲ. ಒಮ್ಮೆ ದೊಡ್ಡ ಮೊತ್ತ ಕೊಡಲು ಮುಂದೆ ಬಂದವರೊಬ್ಬರು, ಮಕ್ಕಳು ತಮ್ಮ ಹೆಸರಿನ ಫಲಕ ಹಿಡಿದು ನಿಂತ ಫೋಟೋ ಬೇಕೆಂದರು. ‘ಹರಕು ಬಟ್ಟೆ ಇದ್ದರೆ ಒಳ್ಳೆಯದು’ ಎಂದೂ ಸೇರಿಸಿದರು. ನಾವು ಒಪ್ಪಲಿಲ್ಲ. ಅದರ ಬದಲಿಗೆ ಬೇರೆ ಕಡೆಯಿಂದ ಅಷ್ಟೇ ಹಣ ಬಂತೆಂದು ಬರೆದರೆ ಸಾಕ್ಷಿ ಚೆನ್ನಾಗಿರುತ್ತಿತ್ತು. ಬರಲಿಲ್ಲ. ಆ ಬೇಸಿಗೆಯಲ್ಲಿ ಹೊಸ ಕೋಣೆ ಕಟ್ಟುವುದನ್ನು ಬಿಟ್ಟೆವು. ಮಗುವಿನ ಮರ್ಯಾದೆ ಮಾರಿ ಕಟ್ಟಿದ ಕೋಣೆಯಲ್ಲಿ ಯಾವ ಮುಖದಿಂದ ಪ್ರಾರ್ಥನೆ ಹೇಳಿಕೊಡುವುದು?

ವಿದೇಶದ ಹಣ ಯಾಕೆ ತರಬಾರದೆಂದು ಹಲವರು ಕೇಳುತ್ತಾರೆ. ಅದಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ನಮ್ಮಂಥ ಸಣ್ಣವರಿಗೆ ಆ ದಾರಿಯಿಲ್ಲ, ಅದರ ಬಗ್ಗೆ ನನಗೆ ದುಃಖವೂ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ನಡೆದದ್ದು ಬರೀ ಶ್ರೀಮಂತರ ಹಣದಿಂದಲ್ಲ. 1850ರ ದಶಕದಿಂದ ಸ್ವಿಟ್ಜರ್ಲೆಂಡಿನ, ಜರ್ಮನಿಯ ಸಾಮಾನ್ಯ ಮನೆಗಳವರು ವಾರಕ್ಕೊಂದು ಚಿಲ್ಲರೆ ನಾಣ್ಯ ಎತ್ತಿಡುತ್ತಿದ್ದರು. ಮಿಜೋರಾಂನ ಹೆಂಗಸರು 1910ರಿಂದ ಅಡುಗೆಗೆ ಕೂತಾಗಲೆಲ್ಲ ಹಿಡಿ ಅಕ್ಕಿ ತೆಗೆದಿಟ್ಟು ಸಭೆಗೆ ಕೊಡುತ್ತಾ ಬಂದಿದ್ದಾರೆ. ಅಲ್ಲಿನ ಸಭೆ ತನ್ನ ಸೇವಕರನ್ನು ಕಳಿಸುವಷ್ಟು ಬೆಳೆದದ್ದು ಆ ಅಕ್ಕಿಯ ಬಲದಿಂದಲೂ. ನಮಗೂ ಬರುವುದು ಇಂಥದ್ದೇ. ಕರಾವಳಿಯ ಒಂದು ಸಭೆಯ ಸುಗ್ಗಿ ಹಬ್ಬದಲ್ಲಿ ಹರಾಜಿಗಿಟ್ಟ ಕುಂಬಳಕಾಯಿಯನ್ನು ಕೊಂಡವರು ಮತ್ತೆ ಹರಾಜಿಗೇ ಕೊಡುತ್ತಾ ಹೋದರು. ಆ ಒಂದು ಕಾಯಿ ನಮ್ಮ ಮಕ್ಕಳ ತಿಂಗಳ ಎಣ್ಣೆಯ ಖರ್ಚು ಕೊಟ್ಟಿತು.

ಇಂಥ ಸಣ್ಣ ಕಾಣಿಕೆಗಳ ಬೆಲೆ ಗೊತ್ತಿರುವುದರಿಂದ ಲೆಕ್ಕದಲ್ಲಿ ನನ್ನ ಹೆಂಡತಿ ಬಹಳ ಕಟ್ಟುನಿಟ್ಟು. ಹತ್ತು ರೂಪಾಯಿಗೂ ರಸೀದಿ ಹರಿಯುತ್ತಾಳೆ. ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲವೆಂದು ಕೊಡುವವರಿಗೆ ಅವಳೇ ಮೊದಲು ತಿಳಿಸುತ್ತಾಳೆ. ವರ್ಷದ ಕೊನೆಗೆ ಖರ್ಚಿನ ಪಟ್ಟಿ ಎಲ್ಲರಿಗೂ ಹೋಗುತ್ತದೆ, ಸಾವಿರ ಕೊಟ್ಟವರಿಗೂ ಹಿಡಿ ಬೇಳೆ ಕೊಟ್ಟವರಿಗೂ ಒಂದೇ ಪಟ್ಟಿ.

ಬಿಟ್ಟಿದ್ದ ಆ ಕೋಣೆ ಈ ಜೂನ್‌ಗೆ ಮೊದಲು ಬೇಕೇಬೇಕು, ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚಿದೆ. ಅಡಿಪಾಯಕ್ಕೆ ಕಲ್ಲು ಬಂದಿದೆ, ಗೋಡೆಗೆ ಅರ್ಧ ಹಣ ಕೂಡಿದೆ, ಚಾವಣಿಗೆ ಏನೂ ಇಲ್ಲ. ದಿನಾ ಬೆಳಿಗ್ಗೆ ಅದಕ್ಕಾಗಿ ಮಕ್ಕಳೊಂದಿಗೆ ಪ್ರಾರ್ಥಿಸುತ್ತೇವೆ. ಬರುವ ಭಾನುವಾರ ಹುಬ್ಬಳ್ಳಿಯ ಒಂದು ಸಭೆಯಲ್ಲಿ ಆರಾಧನೆಯ ನಂತರ ಮಾತಾಡಲು ಸಮಯ ಕೊಟ್ಟಿದ್ದಾರೆ. ಹೋಗಿ ಕೇಳುತ್ತೇನೆ.