ಪಾರ್ಕಿಂಗ್ ದಂಡ: ಪಾವತಿಯೋ, ಮೇಲ್ಮನವಿಯೋ?

ಇಂಗ್ಲೆಂಡಿನಲ್ಲಿ ಶಾಖೆ ಹೊಂದಿರುವ ನಮ್ಮ ರಫ್ತುದಾರ ಸದಸ್ಯರು ಗಮನಿಸತಕ್ಕ ವಿಷಯವಿದು. ಅಲ್ಲಿನ ಸ್ಥಳೀಯ ಕೌನ್ಸಿಲ್ ವಾಹನಕ್ಕೆ ಅಂಟಿಸುವ ನೋಟಿಸಿನ ಮೊತ್ತವನ್ನು 14 ದಿನಗಳೊಳಗೆ ಪಾವತಿಸಿದಲ್ಲಿ ಅರ್ಧದಷ್ಟು ರಿಯಾಯಿತಿಯುಂಟು. 70 ಪೌಂಡಿನ ದಂಡ 35ಕ್ಕೆ ಇಳಿಯುತ್ತದೆ. ಆದರೆ ಪಾವತಿಸಿದೊಡನೆ ಪ್ರಕರಣ ಮುಕ್ತಾಯ. ಆಕ್ಷೇಪಣೆಯ ಹಕ್ಕು ಉಳಿಯದು.

ಆದ್ದರಿಂದ ಸರಕು ಇಳಿಸುತ್ತಿದ್ದುದಕ್ಕೆ ರಸೀದಿ, ಛಾಯಾಚಿತ್ರಗಳಿದ್ದಲ್ಲಿ ಅದೇ 14 ದಿನಗಳಲ್ಲಿ ಮೊದಲು ಲಿಖಿತ ಆಕ್ಷೇಪಣೆ ಸಲ್ಲಿಸತಕ್ಕದ್ದು. ಅದು ತಿರಸ್ಕೃತವಾದರೂ ರಿಯಾಯಿತಿಯನ್ನು ಸಾಮಾನ್ಯವಾಗಿ ಮತ್ತೆ ನೀಡಲಾಗುತ್ತದೆ. ಪಟ್ಟು ಬಿಡದವರು ಮಾಲೀಕರಿಗೆ ಬರುವ ನೋಟಿಸಿಗೆ 28 ದಿನಗಳೊಳಗೆ ಉತ್ತರಿಸಿ, ಅಲ್ಲಿಯೂ ಸೋತಲ್ಲಿ ಸ್ವತಂತ್ರ ನ್ಯಾಯಮಂಡಳಿಗೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು. ಸುಮ್ಮನಿದ್ದರೆ ಮಾತ್ರ ದಂಡ ಶೇ. 50ರಷ್ಟು ಏರುತ್ತದೆ.

ಸಂಸ್ಥೆಯ ಮೇಲೆ ಬಿದ್ದ ದಂಡವನ್ನು ಅಲ್ಲಿನ ತೆರಿಗೆ ಲೆಕ್ಕದಲ್ಲಿ ವೆಚ್ಚವೆಂದು ಕಳೆಯಲಾಗದು. ಆದುದರಿಂದ ನೋಟಿಸು ಬಂದ ದಿನಾಂಕವನ್ನು ಮೊದಲು ಗುರುತು ಹಾಕಿಕೊಳ್ಳಿರಿ.