ಬಿಗಿದ ಬೋಲ್ಟುಗಳನ್ನು ಸಡಿಲಿಸುವ ಕ್ರಮ

ನೀರೆತ್ತುವ ಎಂಜಿನ್ನನ್ನಾಗಲಿ ಮೋಟಾರು ಗಾಡಿಯನ್ನಾಗಲಿ ತಾವೇ ದುರಸ್ತಿ ಮಾಡಿಕೊಳ್ಳುವ ರೈತರು, ತುಕ್ಕು ಹಿಡಿದ ಬೋಲ್ಟನ್ನು ಬಲದಿಂದ ತಿರುಗಿಸಿ ಮುರಿಯುವುದುಂಟು. ತುಂಡು ಒಳಗೇ ಉಳಿದರೆ ಕೊರೆದು ತೆಗೆಯಬೇಕಾಗುವುದು. ಅಷ್ಟರಲ್ಲಿ ಪೈರು ಒಣಗುವುದು.

ಕಬ್ಬಿಣವು ತುಕ್ಕಾದಾಗ ಹಿಗ್ಗಿ, ತಿರುಪಿನ ಸುತ್ತುಗಳ ನಡುವಣ ಸಂದನ್ನು ತುಂಬುವುದೇ ಬಿಗಿತಕ್ಕೆ ಕಾರಣ. ಆದುದರಿಂದ ಬಲಕ್ಕಿಂತ ತಾಳ್ಮೆ ಮುಖ್ಯ.

1. ಎಂಜಿನ್ನು ಪೂರ್ಣವಾಗಿ ಆರಿದ ಮೇಲೆ ತುಕ್ಕನ್ನು ತಂತಿಯ ಕುಂಚದಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡತಕ್ಕದ್ದು.

2. ಬೋಲ್ಟಿನ ತಲೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ತುಕ್ಕು ಬಿರಿದು ಎಣ್ಣೆ ಒಳಗಿಳಿಯುವುದು.

3. ಅಳತೆಗೆ ಸರಿಯಾದ, ಆರು ಮೂಲೆಯ ಸಾಕೆಟ್ಟು ಸ್ಪ್ಯಾನರನ್ನೇ ಉಪಯೋಗಿಸಬೇಕು. ಮೊದಲು ಬಿಗಿಸುವ ಕಡೆಗೆ ಎಳ್ಳಷ್ಟು, ಅನಂತರ ಬಿಚ್ಚುವ ಕಡೆಗೆ, ಹೀಗೆ ಹಿಂದುಮುಂದಾಗಿ ತಿರುಗಿಸಬೇಕು. ಹಿಡಿಗೆ ಉದ್ದದ ಕೊಳವೆ ತೊಡಿಸಿ ಎಳೆಯಕೂಡದು.

4. ಆಗಲೂ ಬಿಡದಿದ್ದರೆ ಎಣ್ಣೆಯನ್ನು ಚೆನ್ನಾಗಿ ಒರೆಸಿ ನಟ್ಟನ್ನು ಮಾತ್ರ ಕಾಯಿಸಬೇಕು. ಅದು ಹಿಗ್ಗಿ ಸಡಿಲುವುದು. ಇಂಧನದ ತೊಟ್ಟಿ, ಕೊಳವೆಗಳ ಬಳಿ ಬೆಂಕಿ ಸರ್ವಥಾ ಕೂಡದು.

ಮರಳಿ ಜೋಡಿಸುವ ಮೊದಲು ಸುತ್ತುಗಳನ್ನು ಶುಚಿಮಾಡಿ, ಸವೆದ ಬೋಲ್ಟನ್ನು ಬದಲಾಯಿಸತಕ್ಕದ್ದು. ಗ್ರಾಮದ ಮುಖಂಡರು ಇದನ್ನು ಎಂಜಿನ್ನುಳ್ಳವರೆಲ್ಲರಿಗೂ ಓದಿ ಹೇಳಿದರೆ, ಒಂದು ರಾತ್ರಿಯ ತಾಳ್ಮೆಯಿಂದ ಒಂದು ಬೆಳೆ ಉಳಿದೀತು.