ಪಿಕಪ್ ಎತ್ತರಿಸುವ ಮುಂಚೆ

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಪಿಕಪ್ ಮಾಲೀಕರ ಬೇಡಿಕೆ ಒಂದೇ: ಗಾಡಿ ಇನ್ನೂ ಸ್ವಲ್ಪ ಎತ್ತರ ಆಗಬೇಕು. ಕಾರಣಗಳು ಮಾತ್ರ ಬೇರೆ ಬೇರೆ. ಒಬ್ಬರ ಗಾಡಿ ಹಂಪ್‌ನಲ್ಲಿ ಅಡಿ ತಗಲುತ್ತದೆ. ಇನ್ನೊಬ್ಬರದು ಲೋಡ್ ಬಿದ್ದೊಡನೆ ಹಿಂದೆ ಕೂರುತ್ತದೆ. ಮಲ್ಲೇಶ್ವರದಲ್ಲಿ ಮನೆ, ಸಕಲೇಶಪುರದಲ್ಲಿ ತೋಟ ಇರುವವರಿಗೆ ಮಳೆಗಾಲದ ಮಣ್ಣುದಾರಿಯ ಚಿಂತೆ. ಚಾಮರಾಜಪೇಟೆಯಲ್ಲಿ ಪಿಕಪ್ ಇಟ್ಟುಕೊಂಡು ನಾನು ಕಲಿತದ್ದು ಇಷ್ಟು: ಈ ಕಾಯಿಲೆಗಳಿಗೆಲ್ಲ ಲಿಫ್ಟ್ ಕಿಟ್ ಒಂದೇ ಮದ್ದಲ್ಲ.

ಮೊದಲು ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಂತೆ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂಥದ್ದನ್ನು ಯಾವ ಪಿಕಪ್ ಆದರೂ ಆರಾಮಾಗಿ ದಾಟುತ್ತದೆ. ತೊಂದರೆ ಕೊಡುವುದು ಅಡ್ಡರಸ್ತೆಗಳಲ್ಲಿ ಮನಸ್ಸಿಗೆ ಬಂದಂತೆ ಹಾಕಿದ ಕಿರಿದಾದ, ಕಡಿದಾದ ದಿಬ್ಬಗಳು. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥವಕ್ಕೆ ಎರಡು ಆಕ್ಸಲ್‌ಗಳ ನಡುವೆ 3 ಮೀಟರ್‌ಗೂ ಹೆಚ್ಚು ಅಂತರ. ಅಂತರ ಹೆಚ್ಚಿದಷ್ಟೂ ನಡುಭಾಗ ದಿಬ್ಬಕ್ಕೆ ಹತ್ತಿರವಾಗುತ್ತದೆ.

ಲೋಡ್‌ನ ಕಥೆಯೇ ಬೇರೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಆ ಹೊತ್ತಿಗೆ ಮೂಟೆ ಹೊತ್ತು ಬುಲ್ ಟೆಂಪಲ್ ರಸ್ತೆಗೆ ಬರುವ ಗಾಡಿಗಳ ಹಿಂಬದಿ ನೋಡಿದರೆ ಸಾಕು. ವರ್ಷಗಟ್ಟಲೆ ಭಾರ ಹೊತ್ತ ಕಮಾನ್ ಪಟ್ಟಿಗಳು ಚಪ್ಪಟೆಯಾಗಿರುತ್ತವೆ, ಬುಶ್‌ಗಳು ಸವೆದಿರುತ್ತವೆ. ಅವಕ್ಕೆ ಬೇಕಾದದ್ದು ಹೊಸ ಪಟ್ಟಿ, ಹೊಸ ಬುಶ್, ಮಿತಿಯೊಳಗಿನ ತೂಕ. ಸೋತ ಪಟ್ಟಿಯ ಕೆಳಗೆ ಬ್ಲಾಕ್ ಕೊಟ್ಟು ಎತ್ತರಿಸಿದರೆ ಗಾಡಿ ನೋಡಲು ಎದ್ದು ನಿಲ್ಲುತ್ತದೆ, ಪಟ್ಟಿಗೆ ಹೊರುವ ಶಕ್ತಿ ಮರಳುವುದಿಲ್ಲ.

ಲಿಫ್ಟ್ ನಿಜಕ್ಕೂ ನೆರವಾಗುವುದು ತೋಟದ ದಾರಿಯಲ್ಲಿ. ಮುಂದಿನ ಬಂಪರ್ ದಿಣ್ಣೆಗೆ ಗುದ್ದುವುದಿಲ್ಲ, ಹಿಂದಿನ ತುದಿ ಇಳಿಜಾರಿನಲ್ಲಿ ನೆಲಕ್ಕೆ ಉಜ್ಜುವುದಿಲ್ಲ, ದೊಡ್ಡ ಟೈರ್‌ಗೆ ಜಾಗ ಸಿಗುತ್ತದೆ. ಆದರೆ ಮೇಲೇಳುವುದು ಚಾಸಿ ಮತ್ತು ಬಾಡಿ. ಹಿಂದಿನ ಆಕ್ಸಲ್‌ನ ನಡುವೆ ಇರುವ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಕಲ್ಲಿನಿಂದ ಮೇಲೆತ್ತುವುದು ಟೈರ್ ಮಾತ್ರ. ಟೈರಿನ ವ್ಯಾಸ 2 ಇಂಚು ಹೆಚ್ಚಿದರೆ ಅಲ್ಲಿ ಸಿಗುವುದು 1 ಇಂಚು. ಸ್ಪೀಡೋಮೀಟರ್ ಆಗ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ.

ಎತ್ತರಕ್ಕೆ ಬೆಲೆಯೂ ಇದೆ. ಗುರುತ್ವ ಕೇಂದ್ರ ಮೇಲೇರಿ ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ. ಮುಂದೆ ಸ್ವತಂತ್ರ ಸಸ್ಪೆನ್ಷನ್ ಇರುವ 4x4 ಗಾಡಿಗಳಲ್ಲಿ ಡ್ರೈವ್‌ಶಾಫ್ಟ್ ಕೋನ ಕಡಿದಾಗಿ ಸಿ.ವಿ. ಜಾಯಿಂಟ್ ಬೇಗ ಸವೆಯುತ್ತದೆ. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕ್. ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕ್ ಒತ್ತಡ ಹೊಂದಿಸುವ ಎಲ್‌ಎಸ್‌ಪಿವಿ ವಾಲ್ವ್ ಹಲವು ಪಿಕಪ್‌ಗಳಲ್ಲಿದೆ. ಚಾಸಿಗೂ ಆಕ್ಸಲ್‌ಗೂ ನಡುವಿನ ಅಂತರವೇ ಅದಕ್ಕೆ ಅಳತೆ. ಲಿಫ್ಟ್‌ನಿಂದ ಅಂತರ ಹೆಚ್ಚಿದಾಗ ವಾಲ್ವ್ ತುಂಬಿದ ಗಾಡಿಯನ್ನೂ ಖಾಲಿ ಎಂದೇ ಎಣಿಸಿ ಹಿಂದಿನ ಬ್ರೇಕ್ ತಗ್ಗಿಸುತ್ತದೆ. ಘಾಟಿ ಇಳಿಯುವ ಗಾಡಿಗೆ ಇದು ಜೀವದ ಪ್ರಶ್ನೆ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು.

ನಮ್ಮ ಗಾಡಿ ಪೇಟೆಯಲ್ಲೇ ದುಡಿಯುವುದರಿಂದ ಕಂಪನಿ ಕೊಟ್ಟ ಎತ್ತರದಲ್ಲೇ ಉಳಿದಿದೆ. ಹಿಂದಿನ ಪಟ್ಟಿ, ಬುಶ್ ಹೊಸದಾದವು, ಶಾಕ್ ಅಬ್ಸಾರ್ಬರ್ ಬದಲಾದವು. ಲಿಫ್ಟ್ ಬೇಕೇ ಎಂದು ಕೇಳುವ ತೋಟದ ಗೆಳೆಯರಿಗೆ ನಾನು ಹೇಳುವುದು: ಲೋಡ್ ಹಾಕಿದ ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಿ, ಕೆಳಗಿಳಿದು ಗೀರು ಬಿದ್ದಿರುವ ಜಾಗ ನೋಡಿ. ಗೀರು ಡಿಫರೆನ್ಷಿಯಲ್ ಮೇಲಿದ್ದರೆ ಕಿಟ್‌ಗೆ ಹಣ ಸುರಿಯಬೇಡಿ.